ಬೆಂಕಿ ಕಾಣದ ಬಾಣ

ಬೆಟ್ಟಗಳು ಇನ್ನೂ ಬೆಳೆಯುತ್ತಿದ್ದ ಕಾಲದಲ್ಲಿ, ಏಳು ಹೊಳೆಗಳ ಆಚೆ, ನೀಲಗಾವಿ ಎಂಬ ರಾಜ್ಯವಿತ್ತು. ಅಮೃತದೇವ ಅದರ ರಾಜ. ಒಳ್ಳೆಯ ಮನುಷ್ಯ, ಸ್ವಲ್ಪ ದಪ್ಪ. ಅವನು ಕುದುರೆ ಹತ್ತಬೇಕೆಂದರೆ ಇಬ್ಬರು ಹೆಗಲು ಕೊಡಬೇಕಿತ್ತು. ಆದರೆ ಬಿಲ್ಲು ಹಿಡಿದರೆ ಅವನ ಗುರಿ ತಪ್ಪುತ್ತಿರಲಿಲ್ಲ. ನೀಲಗಾವಿಯಲ್ಲಿ ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಬಿಲ್ಲುಗಾರರೇ. ಅವರೆಲ್ಲರ ಬತ್ತಳಿಕೆಯಲ್ಲಿ ಇರುತ್ತಿದ್ದುದು ಸಾತವ್ವೆ ಮಾಡಿದ ಬಾಣ.

ಸಾತವ್ವೆ ಮೂರು ವರ್ಷ ತುಂಬಿದ ಬಿದಿರನ್ನೇ, ಅದೂ ಚಳಿಗಾಲದಲ್ಲೇ ಕಡಿಯುತ್ತಿದ್ದಳು. ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿ, ಗೆಣ್ಣು ಹೆರೆದು, ಕೆಂಡದ ಮೇಲೆ ಕಾಯಿಸಿ ಕಾಯಿಸಿ ಡೊಂಕು ತೆಗೆಯುತ್ತಿದ್ದಳು. ಒಂದು ಕಣ್ಣು ಮುಚ್ಚಿ ಕಡ್ಡಿಯ ಉದ್ದಕ್ಕೂ ನೋಡುತ್ತಿದ್ದಳು. ಕೂದಲೆಳೆಯಷ್ಟು ಡೊಂಕು ಕಂಡರೂ ಮತ್ತೆ ಕೆಂಡಕ್ಕೆ. ಮೂರು ಸಲ ಕಾಯಿಸಿದರೂ ನೆಟ್ಟಗಾಗದ ಕಡ್ಡಿ ಒಲೆಗೆ ಹೋಗುತ್ತಿತ್ತು, ಅದರ ಮೇಲೆ ಅನ್ನ ಬೇಯುತ್ತಿತ್ತು. ಡೊಂಕು ಕಂಡರೆ ಅವಳಿಗೆ ಆಗುತ್ತಲೇ ಇರಲಿಲ್ಲ. ಅವಳಿಗೆ ತನ್ನವನೆಂದು ಇದ್ದವನು ಅಣ್ಣ ಕೇತಯ್ಯ ಒಬ್ಬನೇ. ಅವನು ರಾಜ್ಯದ ಮೊದಲ ಬಿಲ್ಲುಗಾರ.

ಹೀಗಿರಲು ಒಂದು ದಿನ ಊರೆದುರಿನ ಬೋಳುಗುಡ್ಡದ ಮೇಲೆ ಕುಟಿಲಾಕ್ಷನೆಂಬ ಮಾಂತ್ರಿಕ ಬಂದು ಕೂತ. ಅವನು ಕೈಯೆತ್ತಿದರೆ ಮೋಡಗಳು ಇದ್ದಲ್ಲೇ ನಿಲ್ಲುತ್ತಿದ್ದವು. ನಡುಮಧ್ಯಾಹ್ನದಲ್ಲೂ ಅವನ ನೆರಳು ಮೂರು ಹೊಲ ದಾಟುತ್ತಿತ್ತು. ಮನುಷ್ಯರ ಉಸಿರಿನ ಸಂಗೀತ ಕೇಳುವುದೇ ಅವನಿಗಿದ್ದ ಒಂದೇ ಒಂದು ಆಸೆ. ಅದಕ್ಕಾಗಿ ದಿನಕ್ಕೊಬ್ಬರು ಗುಡ್ಡ ಹತ್ತಿ ಬರಬೇಕೆಂದು ಅಪ್ಪಣೆ ಮಾಡಿದ. ಬಂದವರನ್ನು ಮುಟ್ಟಿ ಬಿದಿರು ಮಾಡಿದ. ಗಾಳಿ ಬೀಸಿದಾಗ ಆ ಬಿದಿರುಗಳು ನಿಟ್ಟುಸಿರಿಟ್ಟರೆ ಕಣ್ಣು ಮುಚ್ಚಿ ತಲೆದೂಗಿದ.

ಬಿಲ್ಲುಗಾರರು ಸುಮ್ಮನಿರುತ್ತಾರೆಯೇ? ಒಬ್ಬರ ಹಿಂದೊಬ್ಬರು ಬಾಣ ಬಿಟ್ಟರು. ಪ್ರತಿ ಬಾಣವೂ ಮಾಂತ್ರಿಕನಿಂದ ಒಂದು ಮಾರು ದೂರದಲ್ಲಿ ನಿಂತು, ಕುಡುಗೋಲಿನಂತೆ ಬಾಗಿ, ಬಿಟ್ಟವರ ಎದೆಗೇ ತಿರುಗಿ ಬಂತು. ರಕ್ತ ಬರಲಿಲ್ಲ. ಅವರ ಕಾಲು ಬೇರಾಯಿತು, ಮೈ ಹಸಿರಾಯಿತು, ಕೀಲುಗಳು ಗೆಣ್ಣುಗಳಾದವು.

ಬಾಣ ಇನ್ನೂ ನೆಟ್ಟಗಿರಬೇಕಿತ್ತು ಎಂದು ಸಾತವ್ವೆಗೆ ಅನ್ನಿಸಿತು. ಮೂರು ದಿನ ಊಟ ನಿದ್ದೆ ಬಿಟ್ಟು ಒಂದು ಬಾಣ ಮಾಡಿದಳು. ಅಂಥ ನೇರವಾದ ವಸ್ತು ಲೋಕದಲ್ಲಿ ಇನ್ನೊಂದಿರಲಿಲ್ಲ. ನೀರಿಗೆ ಹಿಡಿದರೆ ನೀರೇ ಎರಡಾಗಿ ದಾರಿ ಬಿಡುತ್ತಿತ್ತು.

"ಇದರಲ್ಲಿ ಎಳ್ಳಷ್ಟೂ ಡೊಂಕಿಲ್ಲ ಅಣ್ಣಾ. ಹೆದರದೆ ಬಿಡು," ಎಂದಳು.

ಕೇತಯ್ಯ ತಂಗಿಯ ಮಾತು ನಂಬಿ ಬಿಟ್ಟ. ಆ ಬಾಣ ಉಳಿದವಕ್ಕಿಂತ ಬೇಗ ಬಾಗಿತು, ಉಳಿದವಕ್ಕಿಂತ ಬೇಗ ತಿರುಗಿ ಬಂತು. ಸಾತವ್ವೆ ಓಡಿಹೋಗಿ ತಬ್ಬಿಕೊಳ್ಳುವಷ್ಟರಲ್ಲಿ ಅವಳ ತೋಳಿನೊಳಗೆ ಇದ್ದದ್ದು ತಣ್ಣನೆಯ ಬಿದಿರು. ಬುಡದಲ್ಲಿ ಕೂತು ಅತ್ತಳು. ತಲೆಯೆತ್ತಿ ನೋಡಿದಳು. ಬಿದಿರು ಮೆಳೆಯ ತುಂಬ ಹೂಮೊಗ್ಗು ಕಾಣಿಸಿಕೊಂಡಿತ್ತು. ಹೂ ಬಿಟ್ಟ ಬಿದಿರು ಉಳಿಯುವುದಿಲ್ಲ, ಇಡೀ ಮೆಳೆ ಒಣಗಿ ಸಾಯುತ್ತದೆ. ಮೊಗ್ಗು ಅರಳಲು ಹೆಚ್ಚೆಂದರೆ ಹನ್ನೆರಡು ದಿನ. ಅಷ್ಟರೊಳಗೆ ಅಣ್ಣನನ್ನು ಬಿಡಿಸದಿದ್ದರೆ ಅವನು ಇನ್ನೆಂದೂ ಬರುವುದಿಲ್ಲ.

ಕಡ್ಡಿ ನೆಟ್ಟಗೇ ಇತ್ತು, ಹಾಗಾದರೆ ತಪ್ಪು ಗರಿಯದ್ದೇ ಇರಬೇಕು ಎಂದುಕೊಂಡು ಸಾತವ್ವೆ ಗಂಡಭೇರುಂಡವನ್ನು ಹುಡುಕಿ ಹೊರಟಳು. ಆರು ದಿನ ಬೆಟ್ಟ ಹತ್ತಿದಳು. ತುದಿಯಲ್ಲಿ ಆ ಎರಡು ತಲೆಯ ಹಕ್ಕಿ ಕೂತಿತ್ತು. ಅದು ರೆಕ್ಕೆ ಬಿಚ್ಚಿದಾಗ ಒಂದು ಕಣಿವೆಯಲ್ಲಿ ಬಿಸಿಲು ಹೋಯಿತು, ಇನ್ನೊಂದು ಕಣಿವೆಯಲ್ಲಿ ಗಾಳಿ ಎದ್ದಿತು. ಒಂದು ತಲೆ ಇವಳನ್ನು ನುಂಗೋಣ ಎಂದಿತು. ಇನ್ನೊಂದು ತಲೆ ಬಂದ ಕೆಲಸ ಕೇಳೋಣ ಎಂದಿತು. ಅವಳು ಅಣ್ಣನ ವಿಷಯ ಹೇಳಿದಳು. ಹುಟ್ಟಿದಂದಿನಿಂದ ಒಂದನ್ನೊಂದು ಬಿಟ್ಟಿರದ ಆ ಎರಡು ತಲೆಗಳು ಬಹಳ ಹೊತ್ತು ಒಂದರ ಮುಖ ಒಂದು ನೋಡಿಕೊಂಡವು. ಆಮೇಲೆ ಹಕ್ಕಿ ಒಂದೇ ರೆಕ್ಕೆಯಿಂದ ಮೂರು ಗರಿ ಉದುರಿಸಿತು. ಎಡಬಲದ ಗರಿ ಕಲಸಿ ಕಟ್ಟಿದರೆ ಬಾಣ ಗಾಳಿಯಲ್ಲಿ ಒದ್ದಾಡುತ್ತದೆ ಎಂಬುದು ಹಕ್ಕಿಗೂ ಗೊತ್ತಿತ್ತು. ಅಷ್ಟೇ ಅಲ್ಲ, ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಒಂದೇ ಹಗಲಲ್ಲಿ ಊರಿಗೆ ತಂದು ಬಿಟ್ಟಿತು.

ಆ ಗರಿ ಕಟ್ಟಿದ ಬಾಣವನ್ನು ರಾಜ ತಾನೇ ಬಿಡುತ್ತೇನೆಂದ. ಮಂತ್ರಿಗಳು ಬೇಡವೆಂದರು, ರಾಣಿ ಕಣ್ಣೀರಿಟ್ಟಳು. ಇನ್ನು ಯಾವ ಮನೆಯವರನ್ನೂ ತನ್ನ ಮುಂದೆ ನಿಲ್ಲಿಸಲಾರೆ ಎಂದು ಅವನು ಗುಡ್ಡ ಹತ್ತಿದ. ಬಾಣ ಹೊರಟಿತು, ನಿಂತಿತು, ಬಾಗಿತು, ತಿರುಗಿತು. ರಾಜ ದಪ್ಪನೆಯ, ಹೊಂಬಣ್ಣದ ಬಿದಿರಾದ.

ಕುಟಿಲಾಕ್ಷ ಹೊಟ್ಟೆ ಹಿಡಿದುಕೊಂಡು ನಕ್ಕ. "ಏ ಹುಡುಗಿ, ನೆಟ್ಟಗಿರುವುದೆಲ್ಲ ನನ್ನ ಮಾತು ಕೇಳುತ್ತದೆ. ಇದಕ್ಕಿಂತ ನೆಟ್ಟಗಿರುವುದು ನಿನ್ನ ಹತ್ತಿರ ಇದ್ದರೆ ತೆಗೆದುಕೊಂಡು ಬಾ," ಎಂದ.

ಸಾತವ್ವೆ ರಾಜನ ಬುಡದಲ್ಲಿ ಬಿದ್ದಿದ್ದ ಬಾಗಿದ ಬಾಣವನ್ನು ಕೈಗೆತ್ತಿಕೊಂಡು ನೋಡಿದಳು. ನೆಟ್ಟಗಿರುವುದನ್ನು ಬಾಗಿಸುವುದೇ ಇವನ ವಿದ್ಯೆ. ಹಾಗಾದರೆ ಹುಟ್ಟಾ ಡೊಂಕಾದದ್ದನ್ನು ಇವನು ಏನು ಮಾಡಿಯಾನು? ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಆದರೆ ಡೊಂಕು ಬಿದಿರು ಎಲ್ಲಿದೆ? ಸುತ್ತಲ ಕಾಡಿನ ಡೊಂಕನ್ನೆಲ್ಲ ಅವಳೇ ಕಡಿದು ಸುಟ್ಟಿದ್ದಳು. ಮೂರು ದಿನ ಹುಡುಕಿದರೂ ಒಂದು ಕಡ್ಡಿ ಸಿಗಲಿಲ್ಲ. ಕೊನೆಗೆ ಗುಡ್ಡಕ್ಕೆ ಬಂದು ಒಂದೊಂದೇ ಬಿದಿರನ್ನು ನೋಡುತ್ತಾ ಹೋದಳು. ಎಲ್ಲವೂ ನೇರ. ಒಂದರಲ್ಲಿ ಮಾತ್ರ ಸಣ್ಣ ಡೊಂಕು ಕವಲು ಇತ್ತು. ಅದು ಕೇತಯ್ಯನದು.

ಬಾಣ ಮಾಡುವವರು ಮೆಳೆಯನ್ನು ಕೇಳದೆ ಕತ್ತಿ ಹಾಕುವುದಿಲ್ಲ. ಸಾತವ್ವೆ ಬಿದಿರಿಗೆ ಹಣೆಯಿಟ್ಟು ಕೇಳಿದಳು.

"ಅಣ್ಣಾ, ತಗೊಳ್ಳಲಾ?"

ಗಾಳಿ ಬೀಸಿತು. ಬಿದಿರಿನೊಳಗಿಂದ ಅಣ್ಣನ ದನಿ ಬಂತು. "ತಗೋ ತಂಗೀ. ನಿನ್ನ ಕೈ ನಡುಗದೇ ಇರಲಿ."

ಸಾತವ್ವೆ ಕತ್ತಿ ತೆಗೆದಳು. ಒಂದೇ ಏಟಿಗೆ ಕವಲನ್ನು ಕತ್ತರಿಸಿದಳು. ಕತ್ತರಿಸಿದ ಜಾಗದಲ್ಲಿ ಒಂದು ಹನಿ ರಕ್ತ ಮೂಡಿತು. ಅವಳು ತುಟಿ ಕಚ್ಚಿಕೊಂಡು ಅಲ್ಲೇ ಕೂತಳು. ಕೈಗಳು ಅಭ್ಯಾಸದಂತೆ ಕಡ್ಡಿಯನ್ನು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಲು ಹೋದವು, ಎರಡು ಸಲವೂ ಅವನ್ನು ತಡೆದಳು. ಬೆಂಕಿ ಹಚ್ಚಲಿಲ್ಲ, ಗೆಣ್ಣು ಹೆರೆಯಲಿಲ್ಲ. ರಾಜನ ಬಾಣದಿಂದ ಗರಿ ಮತ್ತು ಮೊನೆ ಬಿಚ್ಚಿ ಈ ಕಡ್ಡಿಗೆ ಕಟ್ಟಿದಳು. ತಾನು ಮಾಡಿದ ಬಾಣಗಳಲ್ಲೆಲ್ಲ ಇಷ್ಟು ಕುರೂಪದ್ದು ಇನ್ನೊಂದಿಲ್ಲ ಎಂದುಕೊಂಡಳು. ಅಷ್ಟರಲ್ಲಿ ತಲೆಯ ಮೇಲೆ ಮೊದಲ ಮೊಗ್ಗು ಬಿರಿಯಿತು.

ಅಣ್ಣನ ಬಿಲ್ಲು ತೆಗೆದುಕೊಂಡು ಮಾಂತ್ರಿಕನ ಇಪ್ಪತ್ತು ಹೆಜ್ಜೆ ಹತ್ತಿರಕ್ಕೆ ಹೋದಳು. ಅವನು ಬಾಣ ನೋಡಿ ನಕ್ಕ. ಅವಳು ಬಿಟ್ಟಳು. ಬಾಣ ಹೆಂಡ ಕುಡಿದವನಂತೆ ಅತ್ತ ಇತ್ತ ತೂರಾಡುತ್ತಾ ಹೋಯಿತು. ಒಂದು ಮಾರು ದೂರದಲ್ಲಿ ಮಾಂತ್ರಿಕ ಬಾಗಿಸುವ ಮಂತ್ರ ಹಾಕಿದ. ಬಾಗಿದ್ದ ಕಡ್ಡಿ ಮತ್ತೆ ಬಾಗಿತು, ಬಾಗಿ ನೆಟ್ಟಗಾಯಿತು. ಸಾತವ್ವೆ ಜನ್ಮದಲ್ಲಿ ಅಷ್ಟು ನೆಟ್ಟಗಿನ ಬಾಣ ಕಂಡಿರಲಿಲ್ಲ. ಅದು ನೇರ ಹೋಗಿ ಅವನ ಎದೆಗೆ ನಾಟಿತು. ಕುಟಿಲಾಕ್ಷನ ಒಳಗೆ ಏನೂ ಇರಲಿಲ್ಲ. ಒಣ ತೊಗಟೆಯಂತೆ ಸುರುಳಿ ಬಿಚ್ಚಿಕೊಂಡು ಗಾಳಿಗೆ ಹಾರಿಹೋದ.

ನಿಂತಿದ್ದ ಮೋಡಗಳು ನಡೆದವು. ಮೆಳೆ ಅಲುಗಾಡಿತು. ಬಿದಿರುಗಳು ಒಂದೊಂದಾಗಿ ದೊಡ್ಡ ಉಸಿರು ಬಿಟ್ಟು ಮನುಷ್ಯರಾದವು. ರಾಜ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ, ಅದೂ ಮರಳಿ ಬಂದಿತ್ತು. ಗುಡ್ಡದ ತುಂಬ ಅಳು, ನಗು, ಹೆಸರು ಹಿಡಿದು ಕೂಗುವ ಸದ್ದು.

ಎಲ್ಲರಿಗಿಂತ ಕೊನೆಗೆ ಕೇತಯ್ಯ ಬಂದ. ಅವನ ಬಲಗೈಯಲ್ಲಿ ಹೆದೆ ಎಳೆಯುವ ಬೆರಳು ಇರಲಿಲ್ಲ. ಸಾತವ್ವೆ ಆ ಕೈ ಹಿಡಿದುಕೊಂಡು ಅತ್ತಳು.

"ಗೊತ್ತಿದ್ದೇ ಕೊಟ್ಟೆ," ಎಂದ ಕೇತಯ್ಯ. "ಅಳಬೇಡ. ಈಗ ಮನೆಗೆ ನಡಿ, ಹಸಿವಾಗಿದೆ."

ಕೇತಯ್ಯ ಮತ್ತೆ ಬಿಲ್ಲು ಹಿಡಿಯಲಿಲ್ಲ. ತಂಗಿಯ ಪಕ್ಕ ಕೆಂಡದ ಮುಂದೆ ಕೂತು ಬಾಣ ಮಾಡುವುದನ್ನು ಕಲಿತ. ಮೊದಮೊದಲು ಅವನು ಮಾಡಿದವೆಲ್ಲ ಡೊಂಕಾದವು. ಸಾತವ್ವೆ ಒಂದನ್ನೂ ಒಲೆಗೆ ಹಾಕಲಿಲ್ಲ. ಬತ್ತಳಿಕೆಗೊಂದರಂತೆ ಅವನ್ನು ಊರಿಗೆಲ್ಲ ಹಂಚಿದಳು, ಜನ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಅಂದಿನಿಂದ ನೀಲಗಾವಿಯ ಜನ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ, ನೂರು ಕಾಲ ಸುಖವಾಗಿದ್ದರು.