ಟೇಪ್ ಹಚ್ಚು

“ಒಂದು ರೊಟ್ಟಿ ತಗೊಳ್ಳಿ ಮಕ್ಕಳೇ. ಸರಿಯಾಗಿ ಅರ್ಧ ಮಾಡಿ. ಈಗ ಆ ಅರ್ಧವನ್ನು...”

ಟೇಪ್ ರೆಕಾರ್ಡರಿನೊಳಗೆ ವಿಜಯಶ್ರೀ ಅಕ್ಕೋರ ದನಿ ಟಕ್ಕನೆ ನಿಂತಿತು. ಆಮೇಲೆ ಬಂದದ್ದು ಬೇರೆಯದೇ ದನಿ.

“ಏ ಸಿದ್ದೀಕಾ! ಎಲ್ಲಿ ಹೋದಿಯೇ? ಹಾಲು ಉಕ್ಕಾಕತ್ತೈತಿ ನೋಡು!”

ಐದನೇ ಕ್ಲಾಸು ಹೋ ಎಂದು ನಕ್ಕಿತು. ಸಿದ್ದೀಕಾ ಮಾತ್ರ ನಗಲಿಲ್ಲ. ಅದು ಅವಳ ಅಮ್ಮಿಯ ದನಿ! ಪಾಠದ ಕ್ಯಾಸೆಟ್ಟಿನೊಳಗೆ ಅಮ್ಮಿ ಹೇಗೆ ಹೊಕ್ಕಳು? ಹಿಂದೆಯೇ ಪಾತ್ರೆ ಬಿದ್ದ ಸದ್ದು, ಆಡಿನ ಮ್ಯಾ ಮ್ಯಾ. ಪಾಠದ ಸುಳಿವೇ ಇಲ್ಲ.

ಅಕ್ಕೋರು ಹೆರಿಗೆಗೆಂದು ತವರೂರು ನಿಡಗುಂದಿಗೆ ಹೋಗಿದ್ದರು. ಯಂಕಂಚಿಯ ಶಾಲೆಗೆ ಬೇರೆ ಟೀಚರು ಬಂದಿರಲಿಲ್ಲ. ಅದು ಕ್ಯಾಸೆಟ್ಟುಗಳ ಕಾಲ. ಹೋಗುವ ಮೊದಲು ಅಕ್ಕೋರು ಏದುಸಿರು ಬಿಡುತ್ತಲೇ ಕೂತು ಎಲ್ಲ ಪಾಠಗಳನ್ನೂ ಕ್ಯಾಸೆಟ್ಟಿನಲ್ಲಿ ತುಂಬಿಸಿಟ್ಟಿದ್ದರು. “ಸಿದ್ದೀಕಾ, ನೀ ಇದ್ದೀ ಅಂತ ಧೈರ್ಯಲೆ ಹೊಂಟೇನಿ. ಜ್ವಾಕಿ ಮಾಡು” ಎಂದು ಅವಳ ಕೈಗೇ ಕೊಟ್ಟಿದ್ದರು.

ಗದ್ದಲ ಕೇಳಿ ಹೆಡ್‌ಮಾಸ್ತರ ಧೂಳಪ್ಪ ಸರ್ ದಡದಡ ಬಂದರು. ಮಕ್ಕಳು ಬಾಯಿ ಮುಚ್ಚಿದರು. ಆಡು ಮಾತ್ರ ಒದರುತ್ತಲೇ ಇತ್ತು.

“ಏನಿದು? ಸಾಲಿನೋ ದನದ ಕೊಟ್ಟಿಗಿನೋ?”

ಸರ್ ಕ್ಯಾಸೆಟ್ಟು ಹೊರಗೆ ತೆಗೆದು ತಿರುಗಿಸಿ ನೋಡಿದರು. ಅದರ ಅಂಚಿನ ಎರಡು ಸಣ್ಣ ತೂತುಗಳ ಮೇಲೆ, ಪುಸ್ತಕಕ್ಕೆ ಅಂಟಿಸುವ ಟೇಪು ನೀಟಾಗಿ ಕೂತಿತ್ತು.

“ಈ ತೂತಿನ ಮುಚ್ಚಳ ಅಕ್ಕೋರು ಬೇಕಂತಽ ಮುರಿದಾರ. ಇವು ತೆರೆದಿದ್ರ ರೆಕಾರ್ಡ್ ಮಾಡೋ ಕೆಂಪು ಗುಂಡಿ ಒತ್ತಾಕ ಬರಂಗಿಲ್ಲ, ಪಾಠ ಅಳಿಸಂಗಿಲ್ಲ. ಯಾವ ಶಾಣ್ಯಾ ಇದಕ್ಕ ಟೇಪ್ ಹಚ್ಚಿದಾಂವ?”

ಸಿದ್ದೀಕಾ ಎದ್ದು ನಿಂತಳು. “ನಾನ್ರಿ.”

“ಯಾಕ?”

“ನೀವಽ ಹೇಳಿದ್ರಲ್ರಿ ಸರ್... ಕ್ಯಾಸೆಟ್ ಮನಿಗಿ ಒಯ್ದು ಟೇಪ್ ಹಚ್ಚಿ ನೋಡಂತ. ಮುರದೈತಿ, ಅದಕ್ಕಽ ಅಂದೀರಿ ಅಂತ ತಿಳ್ಕೊಂಡೆ.”

ಟೇಪು ಅಂಟಿಸಿದ ಮೇಲೆ ಮನೆಯ ರೆಕಾರ್ಡರಿನಲ್ಲಿ ಪಾಠವನ್ನು ಮತ್ತೆ ಮತ್ತೆ ಕೇಳಿದ್ದಳು. ನಡುವೆ ನಿಲ್ಲಿಸಿ ಪುನಃ ಚಾಲೂ ಮಾಡುವಾಗ ಕೆಂಪು ಗುಂಡಿಯೂ ಕೆಳಗಿಳಿದಿತ್ತು. ಅಮ್ಮಿಯ ದನಿ ಹೊಕ್ಕದ್ದು ಹಾಗೆ ಎಂದು ಅವಳಿಗೆ ಈಗ ಹೊಳೆಯಿತು.

“ಅಲ್ಲವ್ವಾ, ಟೇಪ್ ಹಚ್ಚಂದ್ರ ಅಂಟಿಸಂತ ಅಲ್ಲ! ಚಾಲೂ ಮಾಡಿ ಕೇಳಂತ!” ಎಂದು ಸರ್ ಕೂಗಿದರು. ತಮ್ಮ ಮಾತಿಗೆ ಎರಡರ್ಥ ಎಂದು ಅವರಿಗೂ ಹೊಳೆಯಿತೇನೋ. ಆದರೂ ಸಿಟ್ಟು ಇಳಿಯಲಿಲ್ಲ. “ಪಾಠ ಹೋತಲ್ಲ! ನಾಳೆ ಟೆಸ್ಟ್ ಐತಿ. ಸಾಕು ಈ ಪೆಟ್ಟಿಗಿ ಪಾಠ.”

ಅವರು ಟೇಪ್ ರೆಕಾರ್ಡರು ಎತ್ತಿಕೊಂಡು ಕಪಾಟಿನ ಕಡೆ ಹೊರಟರು. ಕೀಲಿ ಗೊಂಚಲು ಝಣ್ ಎಂದಿತು. ಒಮ್ಮೆ ಕಪಾಟು ಸೇರಿದ್ದು ಹೊರಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಅಯ್ಯೋ, ಅಕ್ಕೋರ ಎಲ್ಲ ಪಾಠಗಳೂ ಅದರೊಳಗೇ ಸಾಯುತ್ತವಲ್ಲ!

“ಸರ್! ಆ ಪಾಠ ನಂಗ ಬರ್ತೈತ್ರಿ. ನಾ ತುಂಬ್ತೇನಿ.”

ಸರ್ ತಿರುಗಿದರು. “ಹೇಳು ಹಂಗಾರ. ತಪ್ಪಿದ್ರ ಕೀಲಿನಽ.”

ಅಮ್ಮಿಯ ದನಿ ಶುರುವಾಗುವ ಜಾಗಕ್ಕೆ ಕ್ಯಾಸೆಟ್ಟು ತಂದು ಸಿದ್ದೀಕಾ ಕೆಂಪು ಗುಂಡಿ ಒತ್ತಿದಳು. ಅಕ್ಕೋರ ಹಾಗೆಯೇ ರಾಗವಾಗಿ, “ಮಕ್ಕಳೇ, ಆ ಅರ್ಧವನ್ನು ಮತ್ತೆ...” ಎಂದಳು. ಅಷ್ಟೇ. ಮುಂದಿನ ಸಾಲು ಮರೆತುಹೋಯಿತು. ಕ್ಯಾಸೆಟ್ಟು ಗಿರಗಿರ ತಿರುಗುತ್ತಲೇ ಇತ್ತು. ಸರ್ ಕೀಲಿಯನ್ನು ಬೆರಳಲ್ಲಿ ಆಡಿಸುತ್ತಿದ್ದರು.

ಮುಂದಿನ ಸಾಲಿನ ಕಲ್ಮೇಶನಿಗೆ ತಡೆಯಲಾಗಲಿಲ್ಲ. “ಏ, ಅರ್ಧದಾಗ ಅರ್ಧ ಅಂದ್ರ ಕಾಲು ಹ್ಯಾಂಗ ಆಕ್ಕೈತಿ? ಪೆಟ್ಟಿಗಿಗಿ ಕೇಳಿದ್ರ ಹೇಳಂಗಿಲ್ಲ.”

“ಹುಚ್ಚಪ್ಯಾಲಿ! ನಿಮ್ಮವ್ವ ಒಂದು ರೊಟ್ಟಿ ಕೊಟ್ಟಳು. ಅರ್ಧ ನಿಮ್ಮಣ್ಣ ತಿಂದ. ಉಳಿದ ಅರ್ಧದಾಗ ನಾನೂ ಸಮ ಪಾಲು ತಗೊಂಡೆ. ನಿನಗೇನು ಉಳೀತು?” ಸಿದ್ದೀಕಾ ಥಟ್ಟನೆ ಕೇಳಿದಳು.

“ಚೂರು!”

“ಅಂಥಾ ಎಷ್ಟು ಚೂರು ಕೂಡಿದ್ರ ಪೂರಾ ರೊಟ್ಟಿ?”

ಕಲ್ಮೇಶ ಬೆರಳು ಮಡಿಚಿದ. “ನಾಕು... ಹಾಂ! ಅದಕ್ಕಽ ಅದು ಕಾಲು!”

ದಾರಿ ಸಿಕ್ಕಿತು. ರಾಗ ಬಿಟ್ಟು, ಮನೆಯಲ್ಲಿ ಮಾತಾಡುವ ಹಾಗೆ ಸಿದ್ದೀಕಾ ಪಾಠ ಮುಗಿಸಿದಳು. ಮತ್ತೆ ಹಚ್ಚಿ ಕೇಳಿದಾಗ ಮೊದಲು ಅಕ್ಕೋರು, ಆಮೇಲೆ ಅವಳು, ನಡುವೆ ಕಲ್ಮೇಶನ “ಹಾಂ!”

ಸರ್ ಕೀಲಿಯನ್ನು ಕಿಸೆಗೆ ಹಾಕಿದರು. “ಮುಂದಿನ ಪಾಠ ಮನಿಗಿ ಒಯ್ದು ಟೇಪ್ ಹಚ್...” ಎಂದವರು ತಡೆದರು. “ಚಾಲೂ ಮಾಡಿ ಕೇಳು. ಮೊದಲು ಆ ಅಂಟಿಸಿದ್ದನ್ನ ಕಿತ್ತು ಒಗಿ.”

ಸಿದ್ದೀಕಾ ಉಗುರಿನಿಂದ ಟೇಪು ಕಿತ್ತಳು. ಕ್ಯಾಸೆಟ್ಟು ಹಾಕಿ ಕೆಂಪು ಗುಂಡಿ ಒತ್ತಿ ನೋಡಿದಳು. ಇಳಿಯಲಿಲ್ಲ. ಜೋರಾಗಿ ಒತ್ತಿದಳು. ಊಹೂಂ.

ಮುರಿದಿದೆ ಎಂದು ತಾನು ಮುಚ್ಚಿದ್ದ ಆ ತೂತುಗಳನ್ನು ಅವಳು ಬೆರಳಿನಿಂದ ಮೆಲ್ಲಗೆ ಸವರಿದಳು. ಅಕ್ಕೋರ ದನಿಯ ಪಕ್ಕದಲ್ಲಿ ಈಗ ಅವಳದೂ ಇತ್ತು. ಇನ್ನು ಯಾರೂ ಅಳಿಸುವ ಹಾಗಿರಲಿಲ್ಲ.