ಒದ್ದೆ ಆರುವವರೆಗೆ

ಲ್ಯಾಬಿನವನು ಮತ್ತೆ ಬಾಗಿಲಲ್ಲಿ ನಿಂತದ್ದನ್ನು ಕಂಡೇ ನರ್ಸಿಗೆ ಮೈ ಉರಿಯಿತು.

"ಈ ಸಲಾನೂ ಸಿಕ್ಕಿದೆ ರೀ," ಎಂದ ಅವನು. "ಮಂಚದ ಕಂಬಿ ಮೇಲೆ. ಅದೇ ಬ್ಯಾಕ್ಟೀರಿಯಾ."

ಯಾವ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ ಅದು. ಹಿಂದಿನ ರೋಗಿ ಗುಣವಾಗಿ ಮನೆಗೆ ಹೋದರೂ ಅದು ಮಾತ್ರ ರೂಮು ಬಿಟ್ಟಿರಲಿಲ್ಲ. ಕಿಡ್ನಿ ಕಸಿಗೆ ಬಂದ ಕಾಲೇಜು ಹುಡುಗಿಯೊಬ್ಬಳು ಇದೇ ರೂಮಿಗಾಗಿ ಕಾಯುತ್ತಿದ್ದಳು. ಎದುರು ನಿಂತು ಆಯಾ ಕೈಲಿ ಒರೆಸಿದ್ದು ಸಾಲದೆಂದು ನರ್ಸ್ ತಾನೂ ತೋಳೇರಿಸಿ ಒರೆಸಿದ್ದಳು.

"ನನ್ನ ತಪ್ಪು ಹುಡುಕೋಕೇ ಬರ್ತೀರಾ ನೀವು?"

ಮಾಸ್ಕಿನ ಮೇಲೆ ಅವನ ಕಣ್ಣು ಪೆಚ್ಚಾದವು. "ಸ್ಯಾಂಪಲ್‌ಗೆ ಬೇರೆಯವರು ಬರಬೇಕಿತ್ತು. ನಾನೇ ಕೇಳ್ಕೊಂಡು ಬರ್ತಿದೀನಿ."

"ಯಾಕೆ?"

ಅವನು ಗ್ಲೌಸ್ ಏರಿಸಿ ಮಂಚದ ಪಕ್ಕ ಮಂಡಿಯೂರಿದ. ಅವಳೂ ಕೂತಳು. ಟಾರ್ಚಿನ ಬೆಳಕಿಗೆ ಕಂಬಿಯ ಅಡಿಯಲ್ಲೇನೋ ಮಿನುಗಿತು. ಹಿಂದೆಂದೋ ಟ್ಯೂಬಿಗೆ ಸುತ್ತಿದ್ದ ಟೇಪಿನ ಗೋಂದು, ಅಲ್ಲೇ ಜಿಗುಟಾಗಿ ಉಳಿದಿತ್ತು.

"ಇಲ್ಲಿ ಬಿಡಾರ ಹೂಡಿದ್ದೀಯೇನೋ ಕಳ್ಳ!" ಎಂದಳು. ಸಿಟ್ಟು ಎಲ್ಲಿ ಹೋಯಿತೋ, ಸೋಪು, ಬಟ್ಟೆ ಎತ್ತಿಕೊಂಡಳು.

ಅವನು ಬೆಳಕು ಹಿಡಿದ, ಅವಳು ಗೋಂದು ಉಜ್ಜಿ ತೆಗೆದಳು. ಸೋಪಿನ ನೀರಾಯಿತು, ಆಮೇಲೆ ಕ್ರಿಮಿನಾಶಕ. ಕಂಬಿ, ಸ್ವಿಚ್ಚು, ಕರೆಗಂಟೆ, ಕುರ್ಚಿ, ಗೋಡೆ ಯಾವುದನ್ನೂ ಬಿಡಲಿಲ್ಲ.

"ಈಗ ಏನೂ ಮುಟ್ಟಬೇಡಿ," ಎಂದಳು. "ತಾನಾಗೇ ಆರಬೇಕು. ಒದ್ದೆ ಇದ್ದಷ್ಟು ಹೊತ್ತೇ ಕ್ರಿಮಿನಾಶಕ ಕೆಲಸ ಮಾಡೋದು."

ಕೂರಲು ಕುರ್ಚಿಯಿಲ್ಲ, ಒರಗಲು ಗೋಡೆಯಿಲ್ಲ. ಇಬ್ಬರೂ ರೂಮಿನ ನಡುವೆ ಎದುರುಬದುರು ನಿಂತರು. ಅವಳು ಕಿಟಕಿ ನೋಡಿದಳು, ಚಪ್ಪಲಿ ನೋಡಿದಳು. ಕಡೆಗೆ ನೋಡಲು ಅವನ ಕಣ್ಣುಗಳಷ್ಟೇ ಉಳಿದವು. ಅವು ಅವಳನ್ನೇ ಕಾಯುತ್ತಿದ್ದವು.

"ಎಲ್ರೂ ನನ್ನನ್ನ ಸಿಸ್ಟರ್ ಅಂತಾರೆ. ನೀವೊಬ್ರೇ 'ರೀ' ಅಂತೀರಲ್ಲ?"

"ಸಿಸ್ಟರ್ ಅಂತ ಕರೆದುಬಿಟ್ರೆ ಆಮೇಲೆ ನನ್ನ ಗತಿ?"

ಮಾಸ್ಕಿನೊಳಗೆ ನಗು ತಡೆಯಲು ಹೋಗಿ ಅವಳ ಕಣ್ಣಂಚೇ ಗುಟ್ಟು ರಟ್ಟು ಮಾಡಿತು.

"ಮನೇಲಿ ಅಕ್ಕ ಕೇಳ್ತಾಳೆ, ದಿನಾ ಬೈಸ್ಕೊಂಡು ಬಂದ್ರೂ ಇಷ್ಟು ಖುಷಿಯಾಗಿರ್ತೀಯಲ್ಲ ಅಂತ. ಏನು ಹೇಳ್ಲಿ?" ಎಂದ ಅವನು.

"ಮೊದಲು ರಿಪೋರ್ಟ್ ತನ್ನಿ," ಎಂದಳು. ಆರಿದ ಕಂಬಿಯಿಂದ ಅವನು ಮತ್ತೆ ಸ್ಯಾಂಪಲ್ ತೆಗೆದುಕೊಂಡ.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ರಿಪೋರ್ಟಿನಲ್ಲಿ ಮತ್ತೆ ಅದೇ ಬಂದರೆ ಆ ಹುಡುಗಿಯ ಆಪರೇಷನ್ ಮುಂದಕ್ಕೆ ಹೋಗುತ್ತಿತ್ತು. ಕೆಟ್ಟ ಕಿಡ್ನಿ ಇಟ್ಟುಕೊಂಡು ಆ ಹುಡುಗಿ ಇನ್ನೆಷ್ಟು ದಿನ ತಡೆದಾಳು?

ಮೂರನೇ ಬೆಳಿಗ್ಗೆ ಅವನು ಲಿಫ್ಟಿಗೂ ಕಾಯದೆ ಮೆಟ್ಟಿಲೇರಿ ಓಡಿ ಬಂದ. "ಇಲ್ಲ," ಎಂದ ಏದುಸಿರು ಬಿಡುತ್ತ. "ಏನೂ ಬೆಳೆದಿಲ್ಲ. ಪೂರ್ತಿ ಕ್ಲೀನ್."

ಅವಳು ರೂಮಿನ ಬಾಗಿಲನ್ನು ಅಗಲ ತೆರೆದು ನಿಂತಳು. ಹುಡುಗಿ ತಾಯಿಯ ಕೈ ಹಿಡಿದುಕೊಂಡೇ ಟ್ರಾಲಿಯಲ್ಲಿ ಒಳಗೆ ಬಂದಳು. ಹೊಸ ಹಾಸಿಗೆಯಲ್ಲಿ ಅವಳನ್ನು ಮಲಗಿಸಿ, ಹೊದಿಕೆ ಸರಿಮಾಡಿ, ನರ್ಸ್ ಕಾರಿಡಾರಿಗೆ ಬಂದಾಗ ಅವನಿನ್ನೂ ಅಲ್ಲೇ ಇದ್ದ.

"ಅಕ್ಕನಿಗೆ ಏನು ಹೇಳಿದ್ರಿ?" ಎಂದಳು.

"ಇನ್ನೂ ಏನೂ ಹೇಳಿಲ್ಲ."

"ಭಾನುವಾರ ನಾನೇ ಬರ್ತೀನಿ ಮನೆಗೆ. ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ, ಮಾತು ನಾನಾಡ್ತೀನಿ."