ಒಂದು ಒತ್ತಿಗೆ ಹತ್ತು ಹೆಜ್ಜೆ

"ಹೆಬ್ಬೆರಳು ಮಡಚದೆ ಇದ್ನ ಆಡಕ್ಕಾಗಲ್ವೇನ್ರೀ?"

ಕಾಂತೇಶ್ ತಲೆಯೆತ್ತಿದ. ರಿಪೇರಿಗೆ ಕೊಟ್ಟಿದ್ದ ರೇಡಿಯೋ ಒಯ್ಯಲು ಬಂದ ಹುಡುಗಿ, ಅದನ್ನು ಮರೆತು ಅಂಗಡಿಯ ಹಿಂಬದಿಯ ಟಿವಿಯನ್ನೇ ನೋಡುತ್ತ ನಿಂತಿದ್ದಳು. ಹೆಬ್ಬೆರಳಿಲ್ಲದೆ ವಿಡಿಯೋ ಗೇಮ್ ಎಂದರೆ ನಾಲಿಗೆಯಿಲ್ಲದೆ ಪದ ಹೇಳಿದ ಹಾಗೆ. ತನ್ನನ್ನು ಛೇಡಿಸುತ್ತಿದ್ದಾಳೆ ಅಂದುಕೊಂಡ.

"ಮೂಗಲ್ಲಿ ಒತ್ತಿ ನೋಡ್ರೀ."

ಅವಳು ಬಲಗೈ ಚಾಚಿದಳು. ಹೆಬ್ಬೆರಳು ಕಡ್ಡಿಯ ಹಾಗೆ ನೆಟ್ಟಗಿತ್ತು. ಬುಡದಲ್ಲಿ ಮಚ್ಚಿನ ಗಾಯದ ಬಿಳಿ ಗೆರೆ. ಕಾಂತೇಶನ ಮುಖ ಕಪ್ಪಿಟ್ಟಿತು.

"ಮೂಗಿಗೂ ಒಂದೇಟು ಬಿದ್ರೆ ಆಮೇಲೇನ್ರೀ ಮಾಡ್ಲಿ?" ಎಂದು ಅವಳೇ ನಕ್ಕಳು.

ಅವಳು ಕಂದಿಕೆರೆಯ ಶಾಂತಕುಮಾರಿ. ತಿಪಟೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕೊಬ್ಬರಿ ಮಂಡಿಯ ಕೆಲಸಕ್ಕೆ ಹೋಗುತ್ತಿದ್ದಳು. ಎರಡು ವರ್ಷದ ಹಿಂದೆ ಕಾಯಿ ಒಡೆಯುವಾಗ ಮಚ್ಚು ಜಾರಿ ಬೆರಳಿನ ನರ ಕಡಿದುಹೋಗಿತ್ತು. ಆಮೇಲೆ ಅವಳಿಗೆ ಕಾಯಿ ಅಲ್ಲಾಡಿಸುವ ಕೆಲಸ. ಒಣಗಿದ ಕಾಯನ್ನು ಕಿವಿಯ ಬಳಿ ಹಿಡಿದು ಮಣಿಕಟ್ಟನ್ನು ಒಮ್ಮೆ ಅಲುಗಿಸಿದರೆ ಸಾಕು, ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟಿದೆಯೋ ಇನ್ನೂ ಕಚ್ಚಿಕೊಂಡಿದೆಯೋ ಹೇಳಿಬಿಡುತ್ತಿದ್ದಳು.

ಅಂಗಡಿಯ ಮುಂಭಾಗದಲ್ಲಿ ಕಾಂತೇಶನ ಅವ್ವ ಕೆಂಪಕ್ಕ ಬಳೆ, ಟೇಪು ಮಾರುತ್ತಿದ್ದಳು. ಹಿಂಭಾಗದಲ್ಲಿ ಮೂರು ಟಿವಿ, ಮೂರು ಗೇಮ್ ಪೆಟ್ಟಿಗೆ, ವೈರಿನ ಆರು ಕಂಟ್ರೋಲರ್. ಆ ಕಂಟ್ರೋಲರ್‌ಗಳನ್ನು ಅವನು ದೇವರ ಪೆಟ್ಟಿಗೆಯ ಹಾಗೆ ಒರೆಸಿಡುತ್ತಿದ್ದ. "ಬಟನ್ ಅನ್ನೋದು ಸತ್ಯ ಕಣಪ್ಪ. ಒತ್ತಿದ್ರೆ ಒತ್ತಿದ್ದು, ಬಿಟ್ರೆ ಬಿಟ್ಟಿದ್ದು" ಎನ್ನುವುದು ಅವನ ಮಾತು.

ಮುಂದಿನ ವಾರ ಅವಳು ಬಳೆಯ ನೆಪದಲ್ಲಿ ಬಂದಾಗ, ಅವನು ನಾಚುತ್ತ ಒಂದು ಮರದ ಹಲಗೆಯನ್ನು ಮುಂದಿಟ್ಟ. ಹಳೆಯ ಕಂಟ್ರೋಲರ್ ಬಿಚ್ಚಿ, ವೈರು ಎಳೆದು, ನಾಲ್ಕು ಬೆರಳಿಗೆ ನಾಲ್ಕು ಕಾಲಿಂಗ್ ಬೆಲ್ ಬಟನ್ ಕೂರಿಸಿದ್ದ.

"ಒತ್ತಿದ್ರೆ ಯಾರ್ರೀ ಬಾಗ್ಲು ತೆಗಿಯೋದು?"

"ನಾನೇ" ಎಂದುಬಿಟ್ಟ. ಹೊರಗೆ ಕೆಂಪಕ್ಕ ಕೆಮ್ಮಿದಳು.

ಆಟ ಓಟದ್ದು. ಯಾರು ಬೇಗ ಬೇಗ ಒತ್ತುತ್ತಾರೋ ಅವರ ಓಟಗಾರ ಮುಂದೆ. ಮೊದಲ ದಿನ ಶಾಂತಕುಮಾರಿ ಹನ್ನೊಂದು ಸಲ ಓಡಿ ಹನ್ನೊಂದು ಸಲವೂ ಸೋತಳು. ನಗುತ್ತಲೇ ಸೋತಳು. ಆದರೆ ಕೊನೆಯ ಸಲ ಹಲಗೆಯನ್ನು ಕೆಳಗಿಡುವಾಗ ಆ ನೆಟ್ಟಗಿನ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡದ್ದನ್ನು ಕಾಂತೇಶ್ ಕಂಡ.

ಅಂದೇ ಸಂಜೆ ಹಲಗೆ ಬಿಚ್ಚಿ ಒಂದು ಪುಟ್ಟ ಸರ್ಕ್ಯೂಟ್ ಬೆಸೆದ. ಪೇಟೆಯ ಹುಡುಗರು ಅದಕ್ಕೆ ಟರ್ಬೊ ಎನ್ನುತ್ತಾರೆ. ಒಂದು ಸಲ ಒತ್ತಿದರೆ ಹತ್ತು ಸಲ ಒತ್ತಿದ ಲೆಕ್ಕ. ಅವಳ ಕೈ ಪಳಗಿದ ಮೇಲೆ ತೆಗೆದುಬಿಟ್ಟರಾಯಿತು ಎಂದುಕೊಂಡ.

ತೆಗೆಯಲಿಲ್ಲ. ಹೇಗೆ ತೆಗೆದಾನು! ಮೊದಲ ಸಲ ಗೆದ್ದಾಗ ಅವಳು ಎರಡೂ ಕೈ ಮೇಲೆತ್ತಿ, ಐದೂ ಐದೂ ಹತ್ತು ಬೆರಳು ಬಿಚ್ಚಿ, ನಾಚಿಕೆ ಮರೆತು ಕೂಗಿದ್ದಳು. ಪಗಡೆಯಾಟದ ಪ್ರಸಂಗವನ್ನು ಎಷ್ಟು ಶ್ರಾವಣ ಕೇಳಿದ್ದರೇನು, ದಾಳ ತನ್ನ ಕೈಯಲ್ಲಿರುವಾಗ ಮನುಷ್ಯನಿಗೆ ಆ ಕಥೆ ನೆನಪಾಗುವುದಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ 'ರೀ' ಉದುರಿಹೋಗಿತ್ತು.

"ಲೋ, ಇವತ್ತು ಮೂರಕ್ಕೆ ಮೂರೂ ಸೋತ್ಯಲ್ಲೋ. ಊಟ ಮಾಡಿದ್ಯೋ ಇಲ್ವೋ?"

"ನಿನ್ನ ಬಳೆ ಸದ್ದು ಕೇಳ್ತಿದ್ರೆ ಯಾವನಿಗೆ ಒತ್ತಕ್ಕಾಗತ್ತೆ?"

"ನೆಪ ನೋಡು! ಬಳೆ ಕೊಟ್ಟೋರು ನಿಮ್ಮವ್ವನೇ. ಹೋಗಿ ಅವರ ಮ್ಯಾಲೆ ಕಂಪ್ಲೇಂಟ್ ಕೊಡು."

ಹಾಗೆಂದವಳು ಓರೆಗಣ್ಣಲ್ಲಿ ನೋಡುತ್ತಿದ್ದಳು. ಆ ನೋಟ ಮೊದಲು ಅವನ ಕೈಗೆ, ಆಮೇಲೆ ಭುಜಕ್ಕೆ, ಕೊನೆಗೆ ಕಣ್ಣಿಗೆ ಬಂದು, ಅಲ್ಲಿ ಒಂದು ಗಳಿಗೆ ನಿಂತು, ಥಟ್ಟನೆ ಟಿವಿಗೆ ಹೋಗಿಬಿಡುತ್ತಿತ್ತು.

ಒಂದು ಮಧ್ಯಾಹ್ನ ಅವಳು ಮೆಲ್ಲಗೆ ಹೇಳಿದಳು. ಅವಳನ್ನು ಇಬ್ಬರು ನೋಡಿ ಹೋಗಿದ್ದರು. ಒಬ್ಬನ ತಾಯಿ ಕೈ ಹಿಡಿದು, "ಪಾಪ, ಬುಡವ್ವ, ಕೆಲಸವೆಲ್ಲ ನಾವೇ ನೋಡ್ಕೋತೀವಿ" ಅಂದಿದ್ದಳಂತೆ. ಇಬ್ಬರನ್ನೂ ಇವಳೇ ಬೇಡವೆಂದಳು. ಈಗ ಮಾಯಸಂದ್ರದ ಕಡೆಯವರು ಭಾನುವಾರ ಮಾತು ಕೇಳಲು ಬರುತ್ತಾರೆ.

"ಪಾಪ ಅನ್ನೋರ ಮನೆ ಅನ್ನ ನನ್ ಗಂಟಲಲ್ಲಿ ಇಳಿಯಲ್ಲ ಕಣೋ. ಅತ್ತೆಗೆ ನಿನ್ನ ಹೆಸರು ಹೇಳ್ತೀನಿ. ಯಾಕೆ ಗೊತ್ತಾ?"

"ಯಾಕೆ?"

"ನೀನೊಬ್ನೇ ನನ್ನ ಸೋಲಿಸಕ್ಕೆ ನೋಡೋದು."

ಟರ್ಬೊದ ವಿಷಯ ಆಗಲೇ ಹೇಳಬೇಕಿತ್ತು. ಎದೆಯಲ್ಲಿದ್ದದ್ದು ಗಂಟಲಿಗೂ ಬಂತು. ಆದರೆ ಅವಳು ಅಷ್ಟು ಹತ್ತಿರ ಕೂತು, ಅಷ್ಟು ನಂಬಿ ನಗುತ್ತಿದ್ದಳು.

ಅದೇ ವಾರ ಬಸ್ ಸ್ಟ್ಯಾಂಡ್ ಎದುರು ಮಹಡಿಯ ಮೇಲೆ ಮೋಹನ್ ಎಂಬವನು ಹೊಸ ಗೇಮ್ ಅಂಗಡಿ ತೆರೆದ. ವೈರಿಲ್ಲ, ಬಟನ್‌ಗಳ ಗೋಜಿಲ್ಲ. ಟಿವಿ ರಿಮೋಟಿನಂಥದ್ದನ್ನು ಹಿಡಿದು ಗಾಳಿಯಲ್ಲಿ ಕೈ ಬೀಸಿದರೆ, ಪರದೆಯ ಗೊಂಬೆಯೂ ಬ್ಯಾಟು ಬೀಸಿ ಟೆನಿಸ್ ಆಡುತ್ತಿತ್ತು. ಕಾಂತೇಶನ ಗಿರಾಕಿಗಳೆಲ್ಲ ಅತ್ತ ಹರಿದರು. ಗುರುವಾರ ಮಂಡಿಯ ಗೆಳತಿಯರ ಜೊತೆ ಶಾಂತಕುಮಾರಿಯೂ ಹೋದಳು.

ಶುಕ್ರವಾರ ಓಡುತ್ತಲೇ ಬಂದಳು. ಮುಖದ ತುಂಬ ಬೆಳಕು.

"ಕಾಂತೇಶ, ಏಳು ಜನಾನ ಸೋಲಿಸ್ದೆ ಕಣೋ! ಮೋಹನ್ ಅಣ್ಣನ್ನೂ! ಕಾಯಿ ಅಲ್ಲಾಡಿಸ್ತೀವಲ್ಲ, ಅದೇ ಮಣಿಕಟ್ಟು. ಹೆಬ್ಬೆರಳು ಬೇಕೇ ಇಲ್ಲ. ಬಾ, ನೀನೂ ಆಡು ನನ್ ಜೊತೆ."

ಬೆಳಗಿನಿಂದ ಮೂರು ಟಿವಿಯ ಮುಂದೆಯೂ ನೊಣ ಹೊಡೆಯುತ್ತ ಕೂತಿದ್ದವನು ಕಾಂತೇಶ್. ಅವಳ ಆ ಬೆಳಕು ತನ್ನ ಹಲಗೆಯಿಂದ ಬಂದದ್ದಲ್ಲ ಎಂಬುದು ಅವನಿಗೆ ಮುಳ್ಳಿನಂತೆ ಚುಚ್ಚಿತು.

"ಅದೂ ಒಂದ್ ಆಟಾನಾ? ನೊಣ ಓಡ್ಸೋರೂ ಅಲ್ಲಿ ಗೆಲ್ತಾರೆ."

"ಯಾಕೋ ಹಂಗಂತೀಯ? ನಾನೇ ಗೆದ್ದಿದ್ದು."

"ಮಿಷನ್ ಗೆದ್ದಿದ್ದು. ನೀನು ಕೈ ಬೀಸ್ದೆ ಅಷ್ಟೇ."

ಅವಳ ಮುಖ ಕೆಂಪಾಯಿತು. "ಹಂಗಾದ್ರೆ ಇಲ್ಲಿ? ಮೂರು ತಿಂಗ್ಳಿಂದ ನಿನ್ ಬಟನ್ನಲ್ಲೇ ನಿನ್ನ ಸೋಲಿಸ್ತಿಲ್ವಾ?"

"ಇಲ್ಲಿ ಗೆಲ್ಸಿದ್ದು ನಾನು! ಅದ್ರೊಳಗೆ ಟರ್ಬೊ ಇಟ್ಟಿದೀನಿ ಕಣೇ, ನಿಂಗೋಸ್ಕರ. ಒಂದ್ ಒತ್ತಿದ್ರೆ ಹತ್ತು. ಮೋಹನ್ ಇಟ್ಟಾನಾ ಹಂಗೆ? ಅವ್ನಿಗೇನು ನಿನ್ ಮ್ಯಾಲೆ ಪ್ರೀತಿ?"

ಪ್ರೀತಿ ಎಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿ ಎರಡೂ ಒಟ್ಟಿಗೇ ಹೋದವು.

ಶಾಂತಕುಮಾರಿ ಹಲಗೆಯನ್ನು ಎತ್ತಿಕೊಂಡು ಅವನ ಮಡಿಲಲ್ಲಿಟ್ಟಳು.

"ಪಾಪ ಅಂತ ಬಾಯಲ್ಲಿ ಅಂದೋರೇ ವಾಸಿ" ಎಂದಳು. "ಅವರು ನನ್ನೆದುರಿಗೇ ಅಂದ್ರು."

ಶನಿವಾರ ಅವಳು ಬರಲಿಲ್ಲ. ಭಾನುವಾರ ಬೆಳಿಗ್ಗೆ ಕೆಂಪಕ್ಕ ಬಳೆ ಜೋಡಿಸುತ್ತ, ಮಗನ ಮುಖ ನೋಡದೆ ಹೇಳಿದಳು: "ಆ ಹುಡ್ಗಿ ಮೋಹನನ ಮಹಡಿ ಹತ್ತಿದ್ಲು. ಒಬ್ಳೇ. ಹೋಗ್ಲಾ, ಕಾಲಿಗಾದ್ರೂ ಬೀಳು."

ಅವನು ಕಾಲಿಗೆ ಬೀಳಲಿಲ್ಲ. ಹೋಗಿ ಎರಡನೆಯ ರಿಮೋಟ್ ಹಿಡಿದು ಅವಳ ಪಕ್ಕ ನಿಂತ. ಒಂದು ಸಲ, ಒಂದೇ ಒಂದು ಸಲ ಅವಳೊಡನೆ ನಿಜವಾಗಿ ಆಡಬೇಕು. ಗೆದ್ದರೆ ನಂಬುತ್ತಾಳೆ.

ಅವಳು ಬೇಡವೆನ್ನಲಿಲ್ಲ. ಮೋಹನ್ ಆಟ ಹಾಕಿದ.

ಕಾಂತೇಶ್ ಮೈಯೆಲ್ಲ ಕೈಯಾಗಿ ಆಡಿದ. ಅಂಗಿ ಬೆನ್ನಿಗೆ ಅಂಟಿತು, ಏದುಸಿರು ಬಂತು. ಆದರೆ ಅವನ ಕೈಗೆ ಗೊತ್ತಿದ್ದದ್ದು ಒತ್ತುವುದು ಮಾತ್ರ. ಅವನ ಬೀಸು ಒಮ್ಮೆ ಮುಂಚೆ, ಒಮ್ಮೆ ತಡ. ಅವಳದ್ದು ಮಣಿಕಟ್ಟಿನ ಒಂದೇ ಅಲುಗು, ಚೆಂಡು ಅವನು ಮುಟ್ಟಲಾರದ ಮೂಲೆಗೆ. ಒಂದು ಪಾಯಿಂಟನ್ನೂ ಅವನು ಗೆಲ್ಲಲಿಲ್ಲ.

ಆಟ ಮುಗಿಯಿತು. ಅವಳು ಕೈ ಮೇಲೆತ್ತಲಿಲ್ಲ. ಅವನತ್ತ ತಿರುಗಿ, ಕಾಯಿಯ ಒಳಗನ್ನು ಕೇಳುವವಳ ಹಾಗೆ ತುಸು ತಲೆ ವಾಲಿಸಿ ನೋಡಿದಳು.

"ಬೇಕಂತಲೇ ಸೋತ್ರಾ?"

"ಇಲ್ಲ ಕಣೇ! ದೇವರಾಣೆ ಇಲ್ಲ. ನಿಜವಾಗ್ಲೂ ಸೋತೆ."

"ಇರಬೌದು." ಅವಳ ಕಣ್ಣು ತುಂಬಿತು, ದನಿ ಮಾತ್ರ ಅಲುಗಲಿಲ್ಲ. "ನಂಗೆ ಗೊತ್ತಾಗಲ್ವಲ್ಲ. ನಾಳೆ ಸಾರು ಚೆನ್ನಾಗೈತೆ ಅಂದ್ರೂ ಗೊತ್ತಾಗಲ್ಲ, ಚೆನ್ನಾಗಿದೀಯ ಅಂದ್ರೂ ಗೊತ್ತಾಗಲ್ಲ. ಮಾಯಸಂದ್ರದೋರಿಗೂ ಬ್ಯಾಡ ಅಂತ ಹೇಳಿ ಕಳಿಸ್ದೆ. ನಿಮಗೂ ಬ್ಯಾಡ ಅನ್ನೋದ್ನ ನಾನೇ ಹೇಳೋಣ ಅಂತ ಇದ್ದೆ."

ರಿಮೋಟನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಳು.

ಇಬ್ಬರೂ ಇನ್ನೊಂದು ಆಟ ಆಡುತ್ತಾರೆಂದು ಮೋಹನ್ ಆಗಲೇ ಸ್ಟಾರ್ಟ್ ಒತ್ತಿದ್ದ. ಪರದೆಯ ಮೇಲೆ ಕಾಂತೇಶನ ಗೊಂಬೆ ಸರ್ವೀಸಿಗೆ ಕಾಯುತ್ತ ನಿಂತಿತ್ತು. ಅವನ ಕೈ ನಡುಗಿದಂತೆಲ್ಲ ಅದರ ಬ್ಯಾಟೂ ನಡುಗುತ್ತಿತ್ತು. ಬಟನ್ ಆಗಿದ್ದರೆ ಇದು ಯಾರಿಗೂ ಕಾಣುತ್ತಿರಲಿಲ್ಲ. ಇಲ್ಲಿ ಅಂಗಡಿಯಲ್ಲಿದ್ದವರೆಲ್ಲ ನೋಡಿದರು. ನೋಡಬೇಕಾದವಳು ಅಷ್ಟರಲ್ಲಿ ರಸ್ತೆ ದಾಟಿದ್ದಳು.